ನೂರ ಎಂಬತ್ತೆರಡನೇ ದಿನ ರುದ್ರೇಶ ಎಲ್ಲಿದ್ದ?

ಹೋದ ತಿಂಗಳು ಕಡೂರು ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಹೆಣ್ಣುಮಕ್ಕಳು ನನ್ನನ್ನು ತಡೆದು ನಿಲ್ಲಿಸಿದರು. ಇಬ್ಬರೂ ಬಿ.ಕಾಂ. ಮುಗಿಸಿ, ಜನರ ಇನ್‌ಕಂ ಟ್ಯಾಕ್ಸ್ ರಿಟರ್ನ್ಸ್ ತುಂಬಿಕೊಡುವ ಆಫೀಸೊಂದಕ್ಕೆ ಹೊಸದಾಗಿ ಸೇರಿದವರು. ನಾನು ಇಪ್ಪತ್ತೆಂಟು ವರ್ಷ ಮಾಡಿ ಬಿಟ್ಟ ಕೆಲಸ ಅದೇ.

"ಅಂಕಲ್, ಫಾರಿನ್‌ನಲ್ಲಿ ಕೆಲಸ ಮಾಡೋ ನಮ್ಮ ಜನಕ್ಕೆ ಟ್ಯಾಕ್ಸ್ ರಿಬೇಟ್ ಸಿಗುತ್ತಾ, ಇಲ್ವಾ? ಒಂದೇ ಮಾತಲ್ಲಿ ಹೇಳಿ, ಕಸ್ಟಮರ್ ಕಾಯ್ತಿದಾರೆ."

"ಒಂದೇ ಮಾತಲ್ಲಿ ಆಗಲ್ಲ ಕಣಮ್ಮ" ಅಂದೆ. ಅಷ್ಟರಲ್ಲಿ ನನ್ನ ಬಸ್ಸು ಹೊರಟಿತು. ಓಡಿ ಹತ್ತಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, "ದಿನ ಎಣಿಸ್ರಮ್ಮ! ದಿನ ಎಣಿಸೋದೇ ಬಾಕಿ ಇರೋದು!" ಎಂದು ಕೂಗಿದೆ. ಪಕ್ಕದ ಸೀಟಿನ ಹೆಂಗಸು ನನ್ನ ಕಡೆ ಮರುಕದಿಂದ ನೋಡಿ, "ಯಾವ ಆಸ್ಪತ್ರೇಲಿ ಹಂಗಂದ್ರಣ್ಣ?" ಎಂದು ಕೇಳಿದರು. ಅವರಿಗೆ ವಿವರಿಸುವಷ್ಟರಲ್ಲಿ ನನ್ನ ಸ್ಟಾಪು ದಾಟಿಹೋಗಿತ್ತು.

ಬಸ್ಸಿನಲ್ಲಿ ಕೂಗಿ ಹೇಳುವ ವಿಷಯ ಅದಲ್ಲ. ಅದಕ್ಕೇ ಟೈಪ್ ಮಾಡುತ್ತಿದ್ದೇನೆ.

ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿದಾಗ ನನಗೆ ಮೂವತ್ತೊಂದು. ಅಲ್ಲಿಯವರೆಗೆ ಕೊಬ್ಬರಿ ಮಂಡಿಯಲ್ಲಿ ಚೀಲ ಹೊಲಿಯುತ್ತಿದ್ದೆ. ಮಂಡಿಯ ತೆರಿಗೆ ಕಾಗದ ನೋಡಿಕೊಳ್ಳಲು ಕರೀಮ್ ಸಾಹೇಬರು ಬರುತ್ತಿದ್ದರು. ತರೀಕೆರೆಯವರು, ಕಡೂರಿನಲ್ಲಿ ಆಫೀಸು. ಅವರು ಆಡಿಟರ್ ಅಲ್ಲ, ತೆರಿಗೆ ಸಲಹೆಗಾರರು. ಆದರೂ ಊರೆಲ್ಲ ಆಡಿಟರ್ ಸಾಹೇಬ್ರು ಎನ್ನುತ್ತಿತ್ತು. ನಾನು ಪಾಸಾದ ಸುದ್ದಿ ಕೇಳಿ, "ಈ ವಯಸ್ಸಲ್ಲಿ ಓದೋನು ಅಂದ್ರೆ ಒಂದೋ ಹುಚ್ಚ, ಇಲ್ಲಾ ಪ್ರಾಮಾಣಿಕ. ಎರಡೂ ನಡೀತದೆ, ಬಾ" ಎಂದು ಕರೆದುಕೊಂಡು ಹೋದರು.

ಮೊದಲನೇ ದಿನ ಅವರು ಕೇಳಿದ್ದು ಪೆನ್ನನ್ನಲ್ಲ. "ಬಸಣ್ಣ, ಮುಷ್ಟಿ ಕೊಡು" ಎಂದರು. ತಿಂಗಳಿಗೆ ಮೂವತ್ತೋ ಮೂವತ್ತೊಂದೋ ಎಂಬುದನ್ನು ಅವರು ಬೆರಳಿನ ಗೆಣ್ಣಿನ ಮೇಲೇ ಎಣಿಸುವವರು. ಉಬ್ಬು ಬಂದರೆ ಮೂವತ್ತೊಂದು, ತಗ್ಗು ಬಂದರೆ ಮೂವತ್ತು. ಅವರ ಒಂದು ಕೈಯಲ್ಲಿ ಪೆನ್ನು, ಇನ್ನೊಂದರಲ್ಲಿ ಟೀ ಲೋಟ. ಹಾಗಾಗಿ ಎಣಿಸಲು ಮೂರನೇ ಕೈ ಬೇಕು, ಆ ಕೈ ನನ್ನದು. ಆದರೆ ಚೀಲ ಹೊಲಿಯುವ ದಬ್ಬಣ ಒತ್ತಿ ಒತ್ತಿ ನನ್ನ ಬಲಮುಷ್ಟಿಯಲ್ಲಿ ಗೆಣ್ಣಿಲ್ಲದ ಕಡೆ ಒಂದು ಗಂಟು ಎದ್ದಿತ್ತು. ಸಾಹೇಬರು ಅದನ್ನೂ ಒಂದು ತಿಂಗಳು ಎಂದು ಎಣಿಸಿ, ತರೀಕೆರೆಯ ಗೋಡೌನ್ ಮಾಲೀಕರೊಬ್ಬರಿಗೆ ವರ್ಷಕ್ಕೆ ಹದಿಮೂರು ತಿಂಗಳ ಬಾಡಿಗೆ ಬರೆಸಿದರು. ಮಾಲೀಕರು ಓಡಿ ಬಂದು, "ಸಾಹೇಬ್ರೇ, ಆ ಇನ್ನೊಂದು ತಿಂಗಳು ಯಾವ್ದು ಹೇಳಿ, ಬಾಡಿಗೆದಾರನ ಹತ್ರ ವಸೂಲಿ ಮಾಡ್ತೀನಿ" ಎಂದರು. ಅಂದಿನಿಂದ ನನ್ನ ಎಡಗೈ ಮಾತ್ರ ಆಫೀಸಿನ ಕೆಲಸಕ್ಕೆ.

ಆಮೇಲೆ ಕಂಪ್ಯೂಟರ್ ಬಂತು, ಪೋರ್ಟಲ್ ಬಂತು, ಪಾಸ್‌ವರ್ಡ್ ಬಂತು. ಪಾಸ್‌ವರ್ಡ್ ಏನಿಡೋಣ ಎಂದು ಕೇಳಿದರೆ ಜನ ಮನೆದೇವರ ಹೆಸರು ಹೇಳುತ್ತಿದ್ದರು. ಅದನ್ನೂ ಪಿಸುಮಾತಿನಲ್ಲಿ ಅಲ್ಲ, ಕೈಮುಗಿದು, ಇಡೀ ಆಫೀಸಿಗೆ ಕೇಳುವಂತೆ. ಹಿರೇನಲ್ಲೂರಿನ ಮೇಷ್ಟರೊಬ್ಬರು ಪಾಸ್‌ವರ್ಡ್ ಟೈಪ್ ಮಾಡುವ ಮೊದಲು ಚಪ್ಪಲಿ ಬಿಡುತ್ತಿದ್ದರು. ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಾಯಿಸಿ ಎಂದು ಪೋರ್ಟಲ್ ಕೇಳಿದಾಗ ಅವರಿಗೆ ಸಿಟ್ಟು ಬಂತು. "ಮೂರು ತಿಂಗಳಿಗೊಂದು ದೇವ್ರನ್ನ ಬದಲಾಯಿಸೋ ವಂಶ ಅಲ್ಲ ಕಣ್ರೀ ನಮ್ದು!" ಕೊನೆಗೆ ದೇವರ ಹೆಸರಿನ ಮುಂದೆ ಒಂದು, ಎರಡು ಎಂದು ನಂಬರ್ ಹಾಕುವುದಕ್ಕೆ ಒಪ್ಪಿದರು. ನಾನು ಕೆಲಸ ಬಿಡುವ ಹೊತ್ತಿಗೆ ಅವರ ದೇವರು ಹದಿನಾಲ್ಕನೆಯವರಾಗಿದ್ದರು.

ಇನ್ನು ರಿಬೇಟಿನ ವಿಷಯ. ಆದಾಯ ಒಂದು ಮಿತಿಯ ಒಳಗಿದ್ದರೆ, ಲೆಕ್ಕದ ಪ್ರಕಾರ ತೆರಿಗೆ ಬಂದರೂ ಸರ್ಕಾರ ಅದನ್ನು ಬಿಟ್ಟುಬಿಡುತ್ತದೆ. ಅದೇ ರಿಬೇಟ್. ಮಿತಿ ಆಗಾಗ ಬದಲಾಗುತ್ತದೆ, ಆಯಾ ವರ್ಷದ್ದು ನೋಡಿಕೊಳ್ಳಿ. ಆದರೆ ಅದು ಭಾರತದ ನಿವಾಸಿಗೆ ಮಾತ್ರ. ಪ್ರಜೆ ಆಗಿದ್ದರೆ ಸಾಲದು. ಇದನ್ನು ನಾನು ಮೊದಲು ಹೇಳಬೇಕಾಗಿ ಬಂದದ್ದು ಅಜ್ಜಂಪುರದ ಒಬ್ಬ ನರ್ಸಮ್ಮನಿಗೆ. ಆಕೆ ಕುವೈತಿನಲ್ಲಿದ್ದರು, ವರ್ಷಕ್ಕೆ ಹದಿನೈದು ದಿನ ಬರುತ್ತಿದ್ದರು.

"ನಾನು ಇಂಡಿಯನ್ ಅಲ್ವೇನ್ರೀ?" ಎಂದು ಪಾಸ್‌ಪೋರ್ಟನ್ನು ನನ್ನ ಮೂಗಿನ ಹತ್ತಿರ ಹಿಡಿದರು.

"ಇಂಡಿಯನ್ನೇ ಅಮ್ಮ. ಆದ್ರೆ ಇಲ್ಲಿ ವಾಸ ಇಲ್ವಲ್ಲ. ವರ್ಷದಲ್ಲಿ ನೂರ ಎಂಬತ್ತೆರಡು ದಿನ ಇಲ್ಲಿರಬೇಕು."

"ನನ್ನ ಬೀರು ಇಲ್ಲೇ ಇದೆ. ಇಪ್ಪತ್ಮೂರು ರೇಷ್ಮೆ ಸೀರೆ ಅದರಲ್ಲಿದಾವೆ. ಅವು ವರ್ಷಪೂರ್ತಿ ಇಲ್ಲೇ ಇರ್ತವೆ. ಅವಕ್ಕಾದ್ರೂ ರಿಬೇಟ್ ಕೊಡ್ತಾರಾ ಕೇಳಿ."

ಕರೀಮ್ ಸಾಹೇಬರು ಒಳಗಿನಿಂದ, "ಸೀರೆಗೆ ಪ್ಯಾನ್ ಕಾರ್ಡ್ ಇದ್ರೆ ತನ್ನಿ ಅಮ್ಮ, ನೋಡೋಣ" ಎಂದರು. ಆಕೆ ನಕ್ಕುಬಿಟ್ಟರು, ನಾವು ಬದುಕಿದೆವು.

ಇಷ್ಟೇ ಆಗಿದ್ದರೆ ಆ ಹುಡುಗಿಯರಿಗೆ ಬಸ್ಸಿನಿಂದಲೇ ಹೇಳಿಬಿಡಬಹುದಿತ್ತು. ಆದರೆ ನಾನು ಕೆಲಸ ಬಿಡುವುದಕ್ಕೆ ಒಂದು ವರ್ಷ ಮುಂಚೆ ಯಗಟಿಯ ರುದ್ರೇಶನದು ಆಯಿತು.

ರುದ್ರೇಶ ಬೋರ್‌ವೆಲ್ ಕೊರೆಯುವವನು. ಹತ್ತು ವರ್ಷದಿಂದ ಆಫ್ರಿಕಾದ ಒಂದು ಕಂಪನಿಯಲ್ಲಿ ರಿಗ್ ಓಡಿಸುತ್ತಿದ್ದ. ವರ್ಷಕ್ಕೆ ಒಂದು ತಿಂಗಳು ರಜ. ಕಡೂರಿನಲ್ಲಿ ಎರಡು ಮಳಿಗೆ ಕಟ್ಟಿಸಿದ್ದ. ಅದರ ಬಾಡಿಗೆ ಮತ್ತು ಬ್ಯಾಂಕಿನ ಬಡ್ಡಿಗೆ ಪ್ರತಿ ವರ್ಷ ನಾನೇ ಅನಿವಾಸಿ ಎಂದು ರಿಟರ್ನ್ಸ್ ಹಾಕುತ್ತಿದ್ದೆ. ಆ ಸಲ ಜೂನ್‌ನಲ್ಲಿ ರಜಕ್ಕೆ ಬಂದವನು, ಆಫ್ರಿಕಾದ ನೆಲದಲ್ಲಿ ಸಾವಿರ ಅಡಿ ತೂತು ಕೊರೆದವನು, ತನ್ನ ಮನೆ ಹಿತ್ತಲಿನಲ್ಲಿ ತೆಂಗಿನ ಸಸಿಗೆ ತೆಗೆದಿದ್ದ ಮೊಣಕಾಲುದ್ದದ ಗುಂಡಿಗೆ ಬಿದ್ದು ಕಾಲು ಮುರಿದುಕೊಂಡ. ಡಿಸೆಂಬರ್‌ವರೆಗೆ ಮನೆಯಲ್ಲೇ ಉಳಿದ.

ಅಂದರೆ ಆ ವರ್ಷ ಅವನು ನೂರ ಎಂಬತ್ತೆರಡು ದಿನದ ಆಚೀಚೆ ಇಲ್ಲಿದ್ದ. ಅಷ್ಟು ದಿನ ಇದ್ದಿದ್ದರೆ ನಿವಾಸಿ, ತೆರಿಗೆ ಪೂರ್ತಿ ಬಿಡುತ್ತಾರೆ. ಒಂದು ದಿನ ಕಡಿಮೆಯಾದರೂ ಅನಿವಾಸಿ, ಹನ್ನೆರಡು ಸಾವಿರ ಚಿಲ್ಲರೆ ಕಟ್ಟಬೇಕು. ಕಾಲು ಕಟ್ಟಿಸಿಕೊಂಡು ಆರು ತಿಂಗಳು ಸಂಬಳವಿಲ್ಲದೆ ಕೂತವನಿಗೆ ಅದು ಸಣ್ಣ ಮೊತ್ತವಲ್ಲ.

ಮುಂದಿನ ಜುಲೈನಲ್ಲಿ ರಿಟರ್ನ್ಸ್ ಹಾಕಲು ಕೊನೆಯ ವಾರ ಬಂದಾಗ ರುದ್ರೇಶ ಆಫ್ರಿಕಾದಲ್ಲಿ ಫೋನು ಸಿಗದ ಯಾವುದೋ ಕಾಡಿನಲ್ಲಿದ್ದ, ಅವನ ಪಾಸ್‌ಪೋರ್ಟ್ ಕಂಪನಿಯ ಬೀಗದಲ್ಲಿತ್ತು. ಕರೀಮ್ ಸಾಹೇಬರು ಜ್ವರ ಬಂದು ತರೀಕೆರೆಯಲ್ಲಿ ಮಲಗಿದ್ದರು. ಅವರ ನಿಯಮ ಒಂದೇ: ಬಾಯಿಮಾತು ಬರೆಯಬೇಡ, ಸೀಲು ನೋಡಿ ಬರೆ. ನಾನು ಯಗಟಿಗೆ ಫೋನ್ ಮಾಡಿದೆ. ರುದ್ರೇಶನ ತಾಯಿ ಸಿದ್ದಮ್ಮನವರು ಎತ್ತಿಕೊಂಡರು.

"ಅಮ್ಮ, ರುದ್ರೇಶ ಯಾವತ್ತು ಹೊರಟಿದ್ದು?"

ಅವರು ತಿಂಗಳು, ತಾರೀಖು, ವಾರ, ನಕ್ಷತ್ರ ಎಲ್ಲವನ್ನೂ ಹೇಳಿ, "ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಹೊಸ್ತಿಲು ದಾಟಿದ್ದು ಕಣಪ್ಪ. ಒಂದು ನಿಮಿಷ ಆಚೆ ಇಲ್ಲ, ಈಚೆ ಇಲ್ಲ" ಎಂದರು.

ನನಗೆ ರೋಮಾಂಚನವಾಯಿತು. ವಿಮಾನ ಕಂಪನಿಯವರೂ ಇಷ್ಟು ನಿಖರವಾಗಿ ಹೇಳುವುದಿಲ್ಲ. ಅವನು ಬಂದ ತಾರೀಖು ನನ್ನ ಹತ್ತಿರ ಮೊದಲೇ ಇತ್ತು. ಎಡಗೈ ಮುಷ್ಟಿಯ ಮೇಲೆ ಎಣಿಸಿದೆ: ನೂರ ಎಪ್ಪತ್ತೊಂಬತ್ತು. ಅನಿವಾಸಿ ಎಂದು ಹಾಕಿ, ತೆರಿಗೆ ಕಟ್ಟಿಸಿ, ರಿಟರ್ನ್ಸ್ ಮುಗಿಸಿದೆ. ಮೂರು ದಿನಕ್ಕೆ ತಪ್ಪಿತಲ್ಲ ಎಂದು ನನಗೇ ಹೊಟ್ಟೆ ಉರಿಯಿತು.

ಎರಡು ತಿಂಗಳ ಮೇಲೆ ರುದ್ರೇಶ ಕಾಡಿನಿಂದ ಹೊರಗೆ ಬಂದು, ಪಾಸ್‌ಪೋರ್ಟಿನ ಫೋಟೊ ಕಳಿಸಿದ. ಬೆಂಗಳೂರಿನಿಂದ ಹೊರಟ ಸೀಲಿನ ತಾರೀಖು ಸಿದ್ದಮ್ಮನವರು ಹೇಳಿದ್ದಕ್ಕಿಂತ ಐದು ದಿನ ಈಚೆಗಿತ್ತು. ನಾನು ಫೋಟೊವನ್ನು ಸಾಹೇಬರ ಮುಂದಿಟ್ಟು, "ಏರ್‌ಪೋರ್ಟ್‌ನೋರು ಸೀಲು ತಪ್ಪಾಗಿ ಹಾಕಿದಾರೆ ಸಾರ್" ಎಂದೆ.

"ಯಾಕೆ?"

"ತಾಯಿ ಸುಳ್ಳು ಹೇಳಲ್ಲ. ನಕ್ಷತ್ರ ಸಮೇತ ಹೇಳಿದಾರೆ."

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅರೇ ಬಸಣ್ಣ, ಇಡೀ ಸರ್ಕಾರದ ಸೀಲು ತಪ್ಪು, ಸಿದ್ದಮ್ಮನ ನಕ್ಷತ್ರ ಸರಿ! ಎದ್ದು ಬಸ್ ಹತ್ತು. ಆ ಐದು ದಿನ ಅವನು ಎಲ್ಲಿದ್ದ ತಿಳ್ಕೊಂಡೇ ವಾಪಸ್ ಬಾ."

ಯಗಟಿಯ ಬಸ್ಸಿನಲ್ಲಿ ಎರಡು ಕುರಿಗಳ ಮಧ್ಯೆ ನಿಂತು ಹೋದೆ. ಸಿದ್ದಮ್ಮನವರು ಜಗಲಿಯ ಮೇಲೆ ರಾಗಿ ಕೇರುತ್ತಿದ್ದರು. ಸೊಸೆ ಮಂಜುಳಾ ನೀರು ತಂದುಕೊಟ್ಟು, ಗಂಡನಿಗೆ ವಿಡಿಯೋ ಕಾಲ್ ಹಚ್ಚಿ, ಫೋನನ್ನು ಕಂಬಕ್ಕೆ ಒರಗಿಸಿದಳು. ನಾನು ಗಂಟಲು ಸರಿಮಾಡಿಕೊಂಡು, "ರುದ್ರೇಶ, ನೀನು ಮನೆ ಬಿಟ್ಟ ಮೇಲೆ ಐದು ದಿನ ಎಲ್ಲಿದ್ದೆ? ಎಲ್ಲರ ಮುಂದೆ ಹೇಳೋದು ಕಷ್ಟ ಆದ್ರೆ ಆಮೇಲೆ ಹೇಳು" ಎಂದೆ.

"ಎಲ್ಲಿರ್ತೀನಣ್ಣ? ಮನೇಲೇ ಇದ್ದೆ."

"ಇರ್ಲಿಲ್ಲ," ಎಂದರು ಸಿದ್ದಮ್ಮ, ಮೊರದಿಂದ ತಲೆ ಎತ್ತದೆ. "ಆ ದಿನ ಒಂಬತ್ತೂ ಇಪ್ಪತ್ತಕ್ಕೇ ಹೋದೆ ನೀನು."

ಮಂಜುಳಾ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. "ಬಸಣ್ಣ, ಹೋಗಿದ್ದು ಇವರಲ್ಲ. ಇವರ ಬ್ಯಾಗು."

ಆಗ ತಿಳಿಯಿತು. ಟಿಕೆಟ್ ಇದ್ದ ದಿನ ಪ್ರಯಾಣಕ್ಕೆ ಒಳ್ಳೆಯದಲ್ಲ ಎಂದು ಸಿದ್ದಮ್ಮನವರು ಪರಸ್ತಾನ ಇಟ್ಟಿದ್ದರು. ನಮ್ಮ ಕಡೆಯ ಹಳಬರಿಗೆ ಇದು ಗೊತ್ತು. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೂ ಮುಂಚೆ ಒಂದು ಒಳ್ಳೆಯ ಗಳಿಗೆಯಲ್ಲಿ ಸಾಮಾನನ್ನು ಹೊಸ್ತಿಲು ದಾಟಿಸಿ ಬೇರೆಯವರ ಮನೆಯಲ್ಲಿ ಇಡುತ್ತಾರೆ. ಅಲ್ಲಿಗೆ ಮನುಷ್ಯ ಹೊರಟ ಹಾಗೇ ಲೆಕ್ಕ. ರುದ್ರೇಶನ ಬ್ಯಾಗು ಎದುರುಮನೆ ಚನ್ನಮ್ಮಕ್ಕನ ಮಂಚದ ಕೆಳಗೆ ಹೋಗಿತ್ತು. ರುದ್ರೇಶ ಇಲ್ಲೇ ಇದ್ದ.

"ಐದು ದಿನ ನನ್ನ ಗತಿ ನೋಡ್ಬೇಕಿತ್ತಣ್ಣ," ಎಂದ ರುದ್ರೇಶ ಫೋನಿನಿಂದ. "ಬಟ್ಟೆ ಎಲ್ಲಾ ಬ್ಯಾಗಲ್ಲಿ. ಬ್ರಶ್ಶೂ ಬ್ಯಾಗಲ್ಲಿ. ತಗೊಂಬರೋಣ ಅಂತ ಹೋದ್ರೆ ಚನ್ನಮ್ಮಕ್ಕ ಬಾಗ್ಲಿಗೆ ಅಡ್ಡ ನಿಂತ್ಕೊಂಡು, 'ನೀನು ಊರಲ್ಲೇ ಇಲ್ಲ, ನಡಿಯೋ' ಅಂತಾಳೆ! ಅಪ್ಪನ ಹಳೇ ಜುಬ್ಬ ಹಾಕ್ಕೊಂಡು, ಬೇವಿನ ಕಡ್ಡೀಲಿ ಹಲ್ಲುಜ್ಜಿದೆ."

"ಮತ್ತಿನ್ನೇನು? ಹೊಸ್ತಿಲು ದಾಟಿದ ಮೇಲೆ ನೀನು ನಮ್ಮನೆ ನೆಂಟ," ಎಂದರು ತಾಯಿ. "ಐದು ದಿನಾನೂ ನೆಂಟರಿಗೆ ಹಾಕಿದಂಗೇ ಮಣೆ ಹಾಕಿ ಬಡಿಸಿದೀನಿ. ಬಸಣ್ಣ ಕೇಳಿದ್ದು ಹೊರಟಿದ್ದು ಯಾವತ್ತು ಅಂತ. ನಾನು ಹೇಳಿದ್ದು ಅದೇ."

ನಾನು ಅಲ್ಲೇ ಜಗಲಿಯ ಮೇಲೆ ಕೂತು ಮುಷ್ಟಿ ಕಟ್ಟಿದೆ. ಜೂನ್ ಹತ್ತೊಂಬತ್ತು ದಿನ, ಜುಲೈ ಮೂವತ್ತೊಂದು... ಡಿಸೆಂಬರ್‌ವರೆಗೆ ಬಂದಾಗ ನೂರ ಎಂಬತ್ನಾಲ್ಕು. ಬಂದ ದಿನ ಬಿಟ್ಟು ಎಣಿಸಿದರೂ ನೂರ ಎಂಬತ್ಮೂರು. "ರುದ್ರೇಶ, ನೀನು ನಿವಾಸಿ ಕಣಯ್ಯ! ತಪ್ಪು ನಂದು. ರಿಟರ್ನ್ಸ್ ತಿದ್ದಿ ಹಾಕೋಕೆ ಇನ್ನೂ ಟೈಮಿದೆ. ಹನ್ನೆರಡು ಸಾವಿರ ವಾಪಸ್ ಬರುತ್ತೆ."

ಮಂಜುಳಾ ಒಳಗಿನಿಂದ ಬೆಲ್ಲ ತಂದಳು. ಚನ್ನಮ್ಮಕ್ಕನೂ ಬೆಲ್ಲದ ವಾಸನೆಗೆ ಬಂದರು. ಬಾಯಲ್ಲಿ ಬೆಲ್ಲ ಇಟ್ಟುಕೊಂಡೇ ಸಾಹೇಬರಿಗೆ ಇನ್ನೊಂದು ಫೋನಿನಲ್ಲಿ ವರದಿ ಒಪ್ಪಿಸಿದೆ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿ.

"ಬೆಲ್ಲ ನುಂಗಬೇಡ ಬಸಣ್ಣ," ಎಂದರು ಸಾಹೇಬರು. "ಅವನು ಇಲ್ಲಿನ ನಿವಾಸಿ ಆದ್ರೆ, ಹೊರದೇಶದಲ್ಲಿ ದುಡಿದ ಸಂಬಳಾನೂ ಇಲ್ಲಿ ತೋರಿಸಬೇಕಾಗ್ತದೆ. ಅದು ಸೇರಿದ್ರೆ ರಿಬೇಟಿನ ಮಿತಿ ದಾಟ್ತದೆ. ಹನ್ನೆರಡು ಸಾವಿರ ಉಳಿಸೋಕೆ ಹೋಗಿ ಅವನ ಸಂಬಳಕ್ಕೇ ಕೈ ಇಟ್ಟೆ ನೀನು."

ಮೊದಲು ಬಾಯಿ ಬಿಟ್ಟವನು ರುದ್ರೇಶ.

"ಬಸಣ್ಣ, ನಾನು ಹೋಗ್ಬಿಟ್ಟಿದ್ದೆ. ಅವ್ವ ಹೇಳಿದ್ದೇ ಸರಿ. ಒಂಬತ್ತೂ ಇಪ್ಪತ್ತಕ್ಕೇ ಹೋದೆ."

"ನಾನು ಆಗ್ಲೇ ಹೇಳ್ಲಿಲ್ವಾ?" ಎಂದರು ಸಿದ್ದಮ್ಮ.

"ಅತ್ತೆ ಹೇಳಿದ ಮೇಲೆ ಮುಗೀತು. ಅವರಿಗೆ ತಾರೀಖು ತಪ್ಪಲ್ಲ," ಎಂದಳು ಮಂಜುಳಾ. ಸಿದ್ದಮ್ಮನವರು ಮೊರ ಕೆಳಗಿಟ್ಟು ಸೊಸೆಯನ್ನೇ ನೋಡಿದರು. ಹತ್ತು ವರ್ಷದಲ್ಲಿ ಅಂಥ ಮಾತು ಅವರ ಕಿವಿಗೆ ಬಿದ್ದಿರಲಿಲ್ಲವಂತೆ.

"ಬ್ಯಾಗು ನಮ್ಮನೇಲಿತ್ತು," ಎಂದು ಚನ್ನಮ್ಮಕ್ಕ ಮುಂದೆ ಬಂದರು. "ಅವನೂ ಐದು ದಿನ ನಮ್ಮನೇಲೇ ಇದ್ದ ಅಂತ ಬರ್ಕೊಳಪ್ಪ. ಎಲ್ಲಿ ಬೇಕಾದ್ರೂ ಬಂದು ಹೆಬ್ಬೆಟ್ಟು ಒತ್ತುತೀನಿ."

"ಚನ್ನಮ್ಮಕ್ಕ, ನಿಮ್ಮನೇನೂ ಭಾರತದಲ್ಲೇ ಇದೆ."

"ಎದುರುಮನೇನೂನಾ?" ಎಂದು ಅವರು ನಿಜವಾಗಿಯೂ ಬೇಸರಪಟ್ಟರು.

"ಅಣ್ಣಾ," ರುದ್ರೇಶನ ದನಿ ಸಣ್ಣದಾಯಿತು. "ಆರು ತಿಂಗಳು ಮಲಗಿ ಎದ್ದು ಬಂದಿದೀನಿ. ಮೊದ್ಲು ಹಾಕಿದ್ದು ಹಂಗೇ ಇರ್ಲಿ. ಹನ್ನೆರಡು ಸಾವಿರ ಹೋದ್ರೆ ಹೋಗ್ಲಿ. ನೀವು ತಿದ್ದಬೇಡಿ. ಯಾರಿಗೆ ಗೊತ್ತಾಗುತ್ತೆ?"

ಹೊಸಬರು ಈ ಜಾಗವನ್ನು ಎರಡು ಸಲ ಓದಬೇಕು. ನಾನು ಮೊದಲು ಬರೆದದ್ದು ತಪ್ಪು, ಆದರೆ ತಿಳಿಯದೆ ಬರೆದದ್ದು. ಈಗ ಸೀಲು ನೋಡಿದ್ದೇನೆ, ಜುಬ್ಬದ ಕಥೆ ಕೇಳಿದ್ದೇನೆ, ಬೆಲ್ಲವನ್ನೂ ತಿಂದಿದ್ದೇನೆ. ಇನ್ನು ಅದನ್ನು ಹಾಗೇ ಬಿಟ್ಟರೆ ಅದು ಸುಳ್ಳು. ನನ್ನ ಅವಸರಕ್ಕೆ ಅವನು ದಂಡ ತೆರಬೇಕಲ್ಲ ಎನಿಸಿದರೂ ಫೋನಿನ ಕಡೆ ತಿರುಗಿದೆ.

"ನಂಗೆ ಗೊತ್ತಾಯ್ತಲ್ಲ ರುದ್ರೇಶ," ಅಂದೆ. "ಗೊತ್ತಿದ್ದೂ ಬರೆಯೋಕೆ ಆಗಲ್ಲ ಕಣಯ್ಯ. ಬೇಕಾದ್ರೆ ಬೇರೆಯವರ ಹತ್ರ ಮಾಡಿಸು, ನಾನು ಬೇಜಾರು ಮಾಡ್ಕೊಳಲ್ಲ."

ಸ್ಪೀಕರಿನಲ್ಲಿ ಟೀ ಹೀರುವ ಸದ್ದು ಬಂತು. ಸಾಹೇಬರು ಲೈನಿನಲ್ಲೇ ಇದ್ದಾರೆಂದು ನಾವೆಲ್ಲ ಮರೆತಿದ್ದೆವು.

"ಎಲ್ಲಾ ಅತ್ತು ಮುಗೀತಾ? ಈಗ ಹೇಳಿ. ಅದಕ್ಕೂ ಹಿಂದಿನ ಏಳು ವರ್ಷ ಹುಡುಗ ಇಲ್ಲಿ ಎಷ್ಟು ದಿನ ಇದ್ದ?"

"ವರ್ಷಕ್ಕೆ ಒಂದೇ ತಿಂಗಳು ಸಾಹೇಬ್ರೇ. ಹೆಚ್ಚಂದ್ರೆ ಮೂವತ್ತೈದು ದಿನ," ಎಂದ ರುದ್ರೇಶ.

"ಬಸಣ್ಣ, ಎಣಿಸು."

"ಇನ್ನೂರ ನಲವತ್ತೈದಕ್ಕೆ ಮೀರಲ್ಲ ಸಾರ್."

"ಪಾಸ್‌ಪೋರ್ಟಿನ ಎಲ್ಲಾ ಹಾಳೆ ತರಿಸಿ, ಸೀಲು ನೋಡಿ ಖಾತ್ರಿ ಮಾಡ್ಕೋ. ಏಳು ವರ್ಷ ಸೇರಿ ಏಳುನೂರ ಇಪ್ಪತ್ತೊಂಬತ್ತು ದಿನದ ಒಳಗಿದ್ರೆ ಅವನು ನಿವಾಸಿ ಹೌದು, ಸಾಮಾನ್ಯ ನಿವಾಸಿ ಅಲ್ಲ. ಫಾರಂನಲ್ಲಿ ಮೂರನೇ ಮನೆ ಒಂದಿದೆ, ನೀನು ಇಪ್ಪತ್ತೇಳು ವರ್ಷದಲ್ಲಿ ಒಂದು ಸಲಾನೂ ಮುಟ್ಟಿಲ್ಲ. ಅದಕ್ಕೆ ಟಿಕ್ ಹಾಕು. ಅಂಥವನಿಗೆ ರಿಬೇಟೂ ಉಂಟು, ಅಲ್ಲಿ ದುಡಿದ ಸಂಬಳಕ್ಕೆ ಇಲ್ಲಿ ತೆರಿಗೆನೂ ಇಲ್ಲ."

"ಮೊದ್ಲೇ ಹೇಳಬಾರದಿತ್ತಾ ಸಾರ್?"

"ನೀನು ಏನು ಹೇಳ್ತೀಯ ಅಂತ ನಂಗೆ ಕೇಳ್ಬೇಕಿತ್ತು," ಎಂದು ಫೋನ್ ಇಟ್ಟರು.

ರುದ್ರೇಶ ಆಫ್ರಿಕಾದಲ್ಲಿ ಕಣ್ಣೊರೆಸಿಕೊಂಡು ನಕ್ಕ. "ಅಣ್ಣಾ, ನಿವಾಸಿ, ಆದ್ರೆ ಸಾಮಾನ್ಯ ನಿವಾಸಿ ಅಲ್ಲ ಅಂದ್ರೆ ಏನರ್ಥ?"

"ಮನೇಲಿ ಇದ್ದೂ ಇಲ್ದಂಗೆ ಇರೋರು ಅಂತ," ಎಂದಳು ಮಂಜುಳಾ. "ನಾನು ಹತ್ತು ವರ್ಷದಿಂದ ಹೇಳ್ತಿದ್ದೆ. ಸರ್ಕಾರಕ್ಕೆ ಈಗ ಗೊತ್ತಾಗಿದೆ."

ಚನ್ನಮ್ಮಕ್ಕ ಉಳಿದ ಬೆಲ್ಲ ಮುಗಿಸಿ ಎದ್ದರು. ನಾನೂ ಬಸ್ಸಿಗೆ ಹೊರಡಬೇಕೆಂದು ಚೀಲ ಎತ್ತಿಕೊಂಡಾಗ ಸಿದ್ದಮ್ಮನವರು ನನ್ನ ತೋಳು ಹಿಡಿದರು.

"ಬಸಣ್ಣ, ಎಷ್ಟು ದಿನ ಅಂದೆ? ಇಲ್ಲಿರಬೇಕಾದ್ದು."

"ನೂರ ಎಂಬತ್ತೆರಡು ಅಮ್ಮ."

"ಅಷ್ಟಿದ್ರೆ ದುಡ್ಡು ವಾಪಸ್ ಕೊಡ್ತಾರೆ?"

"ಈ ಸಲ ಕೊಡ್ತಾರೆ. ಆದ್ರೆ ವರ್ಷಾ ವರ್ಷಾ ಅಷ್ಟು ದಿನ ಇದ್ರೆ, ಮೂರ್ನಾಲ್ಕು ವರ್ಷಕ್ಕೆ ಪೂರ್ತಿ ಇಲ್ಲಿಯವನೇ ಆಗ್ಬಿಡ್ತಾನೆ. ಆಗ ಅಲ್ಲಿನ ಸಂಬಳಕ್ಕೂ ತೆರಿಗೆ ಕಟ್ಟಬೇಕಾಗುತ್ತೆ."

ಅವರು ಗೋಡೆಯ ಮೊಳೆಯಿಂದ ಪಂಚಾಂಗ ತೆಗೆದು, ಬೆರಳಿಗೆ ಎಂಜಲು ಹಚ್ಚಿಕೊಂಡು ಹಾಳೆ ತಿರುವತೊಡಗಿದರು.

"ಕಟ್ಟಲಿ ಬಿಡು," ಎಂದರು. "ಯಾವಾಗ ಬತ್ತಾನೆ ಕೇಳು. ಹೊರಡೋ ಮುಹೂರ್ತ ನಾನಿಡ್ತೀನಿ."

ಕಂಬಕ್ಕೆ ಒರಗಿದ್ದ ಫೋನಿನಲ್ಲಿ ರುದ್ರೇಶನ ಮುಖ ಹಗಲಿನಷ್ಟು ಸ್ಪಷ್ಟವಾಗಿತ್ತು. ಆದರೂ ಅವನು, "ಹಲೋ? ಹಲೋ? ಅವ್ವ, ಏನೂ ಕೇಳಿಸ್ತಿಲ್ಲ, ನೆಟ್‌ವರ್ಕ್ ಹೋಯ್ತು" ಎನ್ನುತ್ತಿದ್ದ.